ಸ್ವರ್ಗಕ್ಕೆ ಮೂರೇ ಗೇಣು: ನಮ್ಮ ನುಡಿಗಟ್ಟಿನ ಮೇಡಂ

ಇಂಗ್ಲಿಷ್ ಭಾಷೆಯ ಇಪ್ಪತ್ತೈದು ಸಾವಿರ ನುಡಿಗಟ್ಟುಗಳನ್ನು ಒಂದೇ ಬೆಳಿಗ್ಗೆ, ಮೇಜಿನ ಮೇಲಿಟ್ಟ ಚಹಾ ಆರುವುದರೊಳಗೆ, ಅರ್ಥಸಮೇತ ಬಾಯಿಪಾಠ ಮಾಡಿ ಒಪ್ಪಿಸಿದ ಭೂಮಂಡಲದ ಏಕೈಕ ಲಿಫ್ಟ್ ಮೆಕ್ಯಾನಿಕ್ ನಾನು. ಒಪ್ಪಿಸಿ ಮುಗಿಸಿದಾಗ ಚಹಾ ಇನ್ನೂ ನಾಲಿಗೆ ಸುಡುವಷ್ಟು ಬಿಸಿಯಾಗಿತ್ತು. ಇಂಥ ಶಿಷ್ಯನನ್ನು ಕಡೆದು ನಿಲ್ಲಿಸಿದ ಗುರು ಎಂಥವರಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ವಯಸ್ಕರಿಗೆ ಇಂಗ್ಲಿಷ್ ಕಲಿಸುವ ಕ್ಷೇತ್ರದಲ್ಲಿ ವ್ಯಾಕರಣ ಅರೆದು ಕುಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಪದಪದಕ್ಕೂ ಅರ್ಥ ಗೊತ್ತಿದ್ದೂ ಒಟ್ಟು ಮಾತಿನ ತಲೆಬುಡ ತಿಳಿಯದೆ ಬೆಪ್ಪಾಗಿ ನಿಲ್ಲುವವರ ಸಂಕಟವನ್ನು ಅರಿತು, ಮೂವತ್ತೊಂದು ವರ್ಷ ಬರೀ ನುಡಿಗಟ್ಟುಗಳ ಬೆನ್ನು ಹತ್ತಿದವರು ನಮ್ಮ ಮೇಡಂ ಒಬ್ಬರೇ. ಅವರು ಈ ತಿಂಗಳು ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ಈ ಅಭಿನಂದನ ಗ್ರಂಥವನ್ನು ಸಂಪಾದಿಸುತ್ತಿರುವವರು ನಮ್ಮ ಸಹಪಾಠಿ ನರ್ಸ್. ನನ್ನಂಥ ಸಿದ್ಧಹಸ್ತನಿಗೆ ಅವರು ಒಪ್ಪಿಸಿದ್ದು ಬರೀ ಹೊಗಳಿಕೆಯ ಕೆಲಸವಲ್ಲ. "ಆ ಕಾರ್ಡ್ ಬರೆದಿದ್ದು ಯಾರು ಅಂತ ಈ ಸಲ ಬರೆದೇ ಬಿಡು. ಹದಿನೆಂಟು ವರ್ಷ ಆಯ್ತು. ಅದು ತೀರ್ಮಾನ ಆಗದೆ ಭಾನುವಾರದ ಸಮಾರಂಭಕ್ಕೆ ಕಾಲಿಡಲ್ಲ ಅಂತ ಟೈಲರಣ್ಣ ಹಟ ಹಿಡಿದು ಕೂತಿದ್ದಾರೆ. ಅವರಿಲ್ಲದೆ ಮೇಡಂ ಸನ್ಮಾನ ಆಗುತ್ತೇನೋ?" ಎಂದರು. ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬನೇ ಆದ್ದರಿಂದ ಒಪ್ಪಿಕೊಂಡೆ.

ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಬೆಳಿಗ್ಗೆ ಆರೂವರೆಗೆ ತರಗತಿ. ಎಂಟಕ್ಕೆ ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಓಡಬೇಕು. ಒಂದು ಕಾಲು ಕುಂಟುವ ಮೇಜು, ಹಿಂದಿನ ದಿನದ ಅಕ್ಷರ ಪೂರ್ತಿ ಅಳಿಯದ ಕಪ್ಪುಹಲಗೆ, ಮೇಜು ಹತ್ತಿದರೆ ಕೈಗೆಟುಕುವ ಸೂರು. ಅಲ್ಲಿ ಒಂದೇ ಸಮಯಕ್ಕೆ ನಾಲ್ಕು ಸಾವಿರ ಜನ ಕೂರುತ್ತಿದ್ದೆವು. ಬೆಂಚುಗಳು ಮಾತ್ರ ಆರು.

ಮೇಡಂ ಅವರ ಪದ್ಧತಿಯೇ ಬೇರೆ. ಮೊದಲು ಇಂಗ್ಲಿಷ್ ನುಡಿಗಟ್ಟನ್ನು ಪದಶಃ ಚಿತ್ರ ಬರೆದು ನಗಿಸುವರು. ಆಮೇಲೆ, "ಇದಕ್ಕೆ ಕನ್ನಡದಲ್ಲಿ ಬೀಗರು ಯಾರು? ಹುಡುಕಿ!" ಎನ್ನುವರು. ಕೇಕಿನ ತುಂಡು ಎಂದರೆ ಸಲೀಸು ಕೆಲಸ, ಅದರ ಬೀಗರು ನೀರು ಕುಡಿದಷ್ಟು ಸುಲಭ. ಹೊಟ್ಟೆಯೊಳಗೆ ಚಿಟ್ಟೆ ಹಾರಿದರೆ ದಿಗಿಲು, ಅದರ ಬೀಗರು ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುವುದು. ಕಾಲೆಳೆಯುವ ಮಾತು ಬಂದ ದಿನ ಮಾತ್ರ ಬೀಗರನ್ನು ಹುಡುಕುವ ಪ್ರಮೇಯವೇ ಬರಲಿಲ್ಲ. "ಇವರು ಬೀಗರಲ್ಲ, ಒಡಹುಟ್ಟಿದವರು. ಎರಡೂ ಭಾಷೆಯಲ್ಲಿ ಕಾಲನ್ನೇ ಎಳೀತಾರೆ," ಎಂದು ಮೇಡಂ ಚಪ್ಪಾಳೆ ತಟ್ಟಿದರು. ಕನ್ನಡದಲ್ಲಿ ಸುಳ್ಳು ಹೇಳುವುದಕ್ಕೆ ಕಾಗೆ ಹಾರಿಸುವುದು ಎನ್ನುತ್ತಾರಷ್ಟೆ. ಅದಕ್ಕೆ ಉದಾಹರಣೆ ಕೊಡಬೇಕಾದಾಗ ಅವರು ಹಲಗೆಯ ಮೇಲೆ ಏನೂ ಬರೆಯದೆ ನನ್ನತ್ತ ಬೆರಳು ತೋರಿಸಿದರು. ಅಂದಿನಿಂದ ತರಗತಿಗೆ ನಾನು ಕಾಗೆಯಾದೆ. ಇದನ್ನು ನಾನು ಬಿರುದೆಂದೇ ಭಾವಿಸಿದ್ದೇನೆ.

ಅವರ ಉಪಕಾರ ಉಣ್ಣದವರು ನಮ್ಮಲ್ಲಿಲ್ಲ. ನರ್ಸ್ ಆಗ ಆಸ್ಪತ್ರೆಗೆ ಹೊಸಬರು. ಪರದೇಶದ ರೋಗಿಯೊಬ್ಬ ತಾನು ಹವಾಮಾನದ ಕೆಳಗಿದ್ದೇನೆ ಎಂದಾಗ ಓಡಿಹೋಗಿ ಕಿಟಕಿ ಮುಚ್ಚಿದವರು. ಮೈ ಹುಷಾರಿಲ್ಲ ಎಂಬುದನ್ನು ಹೇಳುವ ಹದಿನಾಲ್ಕು ಬಗೆಗಳನ್ನು ಮೇಡಂ ಅವರಿಗಾಗಿಯೇ ಪಟ್ಟಿ ಮಾಡಿ ಏಪ್ರನ್ನಿನ ಜೇಬಿಗೆ ಹಿಡಿಸುವ ಚೀಟಿಯಲ್ಲಿ ಬರೆದುಕೊಟ್ಟರು. ನಮ್ಮ ಇನ್ನೊಬ್ಬ ಸಹಪಾಠಿ ಟೈಲರಣ್ಣನ ಅಂಗಡಿಯಲ್ಲಿ ಗಿರಾಕಿಯೊಬ್ಬ ಹೊಲಿಸಿದ ಕೋಟು ಒಂದು ಕೈ, ಒಂದು ಕಾಲಿನಷ್ಟು ಬೆಲೆಯಾಯಿತು, ಅಂದರೆ ವಿಪರೀತ ದುಬಾರಿಯಾಯಿತು, ಎಂದಾಗ ಈ ಪುಣ್ಯಾತ್ಮ, "ತೋಳು ಬಿಗಿ ಆಯ್ತಾ ಸರ್?" ಎಂದು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದ. ಮರುದಿನ ಮೇಡಂ ತಾವೇ ಅಂಗಡಿಗೆ ಹೋಗಿ, ಗಿರಾಕಿಗಳು ಆಡುವ ಮಾತುಗಳನ್ನೆಲ್ಲ ಮೂರು ದಿನ ಸ್ಟೂಲಿನ ಮೇಲೆ ಕೂತು ಬರೆದುಕೊಂಡು ಪಾಠ ಮಾಡಿದರು. ಇನ್ನು ನಾನು! ಸೂಪರ್‌ವೈಸರ್ ಹುದ್ದೆಗೆ ಇಂಗ್ಲಿಷ್ ಸಂದರ್ಶನವೆಂದಾಗ ನನ್ನ ಜೊತೆ ಲಿಫ್ಟಿನೊಳಗೆ ನಿಂತು, ಒಂಬತ್ತು ಮಹಡಿ ಹತ್ತಿಳಿಯುತ್ತ, ಮಹಡಿಗೊಂದು ಪ್ರಶ್ನೆ ಕೇಳಿ ತಾಲೀಮು ಮಾಡಿಸಿದರು. ಸಂದರ್ಶಕರು ನನ್ನ ಇಂಗ್ಲಿಷ್ ಕೇಳಿ ಎದ್ದು ನಿಂತು, ತಮ್ಮ ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟರು.

ಇನ್ನು ಆ ಕಾರ್ಡಿನ ಪ್ರಕರಣ. ಒಂದು ಸೋಮವಾರ ಮೇಡಂ, ವೇದಿಕೆ ಏರುವವರಿಗೆ ಇಂಗ್ಲಿಷಿನವರು 'ಬ್ರೇಕ್ ಎ ಲೆಗ್', ಅಂದರೆ ಕಾಲು ಮುರಿದುಕೋ ಎಂದು ಹಾರೈಸುತ್ತಾರೆಂದು ಹೇಳಿಕೊಟ್ಟರು. ಇದಕ್ಕೆ ಕನ್ನಡದಲ್ಲಿ ಬೀಗರು ಸಿಗಲಿಲ್ಲ. ಮಂಗಳವಾರದ ಪಾಠ ಚಂದ್ರನಾಚೆಗೆ ಹಾರುವಷ್ಟು ಸಂತೋಷ. "ಸ್ವರ್ಗಕ್ಕೆ ಮೂರೇ ಗೇಣು!" ಎಂದು ಎಲ್ಲರೂ ಒಟ್ಟಿಗೆ ಬೀಗರನ್ನು ಹಿಡಿದುಕೊಟ್ಟೆವು. ಮೇಡಂ ಹಿಗ್ಗಿ, ಮೂರು ಗೇಣೆಂದರೆ ಎಷ್ಟೆಂದು ತೋರಿಸಲು ಮೇಜು ಹತ್ತಿದರು. ನೆತ್ತಿಯಿಂದ ಸೂರಿನವರೆಗೆ ಒಂದು ಗೇಣು, ಎರಡು ಗೇಣು ಅಳೆದರು. ಮೂರನೆಯದಕ್ಕೆ ಕುಂಟುಮೇಜು ಕೈಕೊಟ್ಟಿತು. ಬಲಗಾಲು ಎರಡು ಕಡೆ ಮುರಿಯಿತು. ಅವರನ್ನು ಎರಡೂ ಕೈಗಳಲ್ಲಿ ಹೂವಿನಂತೆ ಎತ್ತಿಕೊಂಡು ಒಂದೇ ಉಸಿರಿಗೆ ಆಸ್ಪತ್ರೆಗೆ ಓಡಿದವನು ನಾನು.

ಮರುದಿನ ತರಗತಿಯ ಪರವಾಗಿ ಹಾರೈಕೆಯ ಕಾರ್ಡ್ ಹೋಯಿತು. ಅಂಗಿ ಮಡಿಸಿಡುವ ದಪ್ಪ ರಟ್ಟಿನದು, ಅಂಚಿಗೆ ಕೆಂಪು ದಾರದ ಹೊಲಿಗೆ. ವಾರ್ಡಿನಲ್ಲಿ ನರ್ಸ್ ಅದನ್ನು ಬಿಡಿಸಿ ಎಲ್ಲರಿಗೂ ಕೇಳುವಂತೆ ಓದಿದರು: "ಬ್ರೇಕ್ ಎ ಲೆಗ್, ಮೇಡಂ!"

"ಕಾಲು ಮುರಿದು ಮಲಗಿರೋರಿಗೆ ಇದೇನ್ರೀ ಇದು? ಯಾರ್ರೀ ಬರೆದಿದ್ದು?" ಎಂದು ನರ್ಸ್ ಗದರಿದರು.

ಮೇಡಂ ಮಾತ್ರ ಕಾರ್ಡನ್ನು ಇಸಿದುಕೊಂಡು ಒಂದು ಗಳಿಗೆ ನೋಡಿ, ಬೇನೆ ಮರೆತು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅದನ್ನು ದಿಂಬಿನಡಿಗೆ ಸೇರಿಸಿದರು. ಕಾಲು ಕೂಡಿಕೊಳ್ಳಲು ಹಿಡಿದ ಆರು ವಾರವೂ ಪಾಠ ನಿಲ್ಲಲಿಲ್ಲ. ಅವರ ಮನೆಯ ಮಂಚದ ಸುತ್ತ ಕೂತೆವು. ಕಪ್ಪುಹಲಗೆ ಇಲ್ಲದ್ದಕ್ಕೆ ಕಾಲಿನ ಪ್ಲಾಸ್ಟರೇ ಹಲಗೆಯಾಯಿತು. ಅದನ್ನು ಕತ್ತರಿಸುವ ದಿನ ಡಾಕ್ಟರು ಪೂರ್ತಿ ಓದಿ ಮುಗಿಸುವ ತನಕ ಗರಗಸ ಮುಟ್ಟಲಿಲ್ಲ.

ಕಾರ್ಡ್ ಬರೆದವರು ಯಾರೆಂದಿರಾ? ರಟ್ಟು ಟೈಲರಣ್ಣನ ಅಂಗಡಿಯದು, ದಾರ ಅವನದು, ಹೊಲಿಗೆ ಅವನದು. ಅಕ್ಷರವೂ ಅವನದೇ, ಅವನು ಬರೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅಂದೂ ಹೀಗೆಂದೇ ಹೇಳಿದ್ದೆ. ಅಂದಿನಿಂದ ಅವನಿಗೆ ಕಾಲುಮುರುಕ ಟೈಲರ್ ಎಂಬ ಹೆಸರು ಅಂಟಿಕೊಂಡಿತು. ಪ್ಯಾಂಟ್ ಹೊಲಿಸಲು ಬಂದವರು, "ಕಾಲು ಹುಷಾರಪ್ಪಾ," ಎಂದು ನಗುವರು. ಆಗಿದ್ದು ಆಗಿಹೋಯಿತು, ಉದಾರ ಹೃದಯದ ನಾನು ಅವನನ್ನು ಎಂದೋ ಕ್ಷಮಿಸಿದ್ದೇನೆ.

ಇಲ್ಲಿಗೆ ಲೇಖನ ಮುಗಿಸಿ, ಕೊನೆಗೆ ಮುನ್ನೂರು ವರ್ಷಗಳ ಆಯುಸ್ಸು ಹಾರೈಸಿ, ಸಂಪಾದಕಿಗೆ ಕೊಟ್ಟುಬಂದೆ. ಗುಟ್ಟಾಗಿರಬೇಕಿದ್ದ ಲೇಖನವನ್ನು ಅವರು, ತಾರೀಕು ಸರಿಯೇ ನೋಡಿ ಎಂಬ ನೆಪದಲ್ಲಿ, ಮೇಡಂ ಅವರಿಗೇ ತೋರಿಸಿಬಿಟ್ಟಿದ್ದಾರೆ. ನಾಲ್ಕನೆಯ ದಿನ ಅದು ಕೆಂಪು ಪೆನ್ಸಿಲಿನ ಗುರುತುಗಳೊಂದಿಗೆ ನನ್ನ ಮನೆಗೆ ಮರಳಿತು. ಇಪ್ಪತ್ತೈದು ಸಾವಿರದ ಪಕ್ಕದಲ್ಲಿ ಒಂದು ಪುಟ್ಟ ಕಾಗೆಯ ಚಿತ್ರ. ನಾಲ್ಕು ಸಾವಿರ ಜನರ ಪಕ್ಕ ಒಂದು. ಸಂದರ್ಶಕರ ಕುರ್ಚಿಗೆ ಎರಡು. ನಾನು ಹೂವಿನಂತೆ ಎತ್ತಿಕೊಂಡು ಓಡಿದ ಜಾಗದಲ್ಲಿ ಹಿಂಡು ಹಿಂಡಾಗಿ ಹಾರಿದ್ದವು. ಕ್ಷಮಿಸಿದ ಸಾಲಿನ ಪಕ್ಕ ಚಿತ್ರವಿರಲಿಲ್ಲ, ಒಂದು ಪಿನ್ನು ಇತ್ತು. ಪಿನ್ನಿನಲ್ಲಿ ಆ ಕಾರ್ಡು.

ಇಂಗ್ಲಿಷಿನಲ್ಲಿ ಬ್ರೇಕ್ ಎಂದು ಕೇಳಿಸುವ ಪದಗಳು ಎರಡು. ಮುರಿಯುವ ಬ್ರೇಕಿನಲ್ಲಿ 'ಇ' ಅಕ್ಷರ ನಡುವೆ ಕೂರುತ್ತದೆ. ನಿಲ್ಲಿಸುವ ಬ್ರೇಕಿನಲ್ಲಿ ಕೊನೆಗೆ ಹೋಗಿ ಕೂರುತ್ತದೆ. ವಾರ್ಡಿನಲ್ಲಿ ಎಲ್ಲರೂ ಆ ಪದವನ್ನು ಕಿವಿಯಿಂದ ಕೇಳಿದ್ದರು, ಕಣ್ಣಿಂದ ನೋಡಿದವರು ಮೇಡಂ ಮತ್ತು ಓದುವ ಅವಸರದಲ್ಲಿದ್ದ ನರ್ಸ್ ಮಾತ್ರ. ಕಾರ್ಡಿನಲ್ಲಿದ್ದುದು ನಿಲ್ಲಿಸುವ ಬ್ರೇಕು. ಲಿಫ್ಟಿನ ಮೋಟಾರಿನ ಮೇಲೆ ದಪ್ಪಕ್ಷರದಲ್ಲಿರುವ, ನನ್ನಂಥವನು ದಿನಕ್ಕೆ ಇಪ್ಪತ್ತು ಸಲ ನೋಡುವ ಬ್ರೇಕು. ಹೊಲಿಗೆ ಯಂತ್ರದ ಮುಂದೆ ಕೂರುವವನಿಗೆ ಅದು ಎಲ್ಲಿಂದ ಬರಬೇಕು?

ಕಾರ್ಡಿನ ಹಿಂದೆ ಮೇಡಂ ಬರೆದಿದ್ದರು: "ಅವತ್ತೇ ಗೊತ್ತಾಯ್ತು ಕಣ್ರೀ ಕಾಗೆ. ಕಾಲಿಗೆ ಬ್ರೇಕ್ ಹಾಕಿ, ಸುಮ್ಮನೆ ಮಲಗಿ ಅಂತ ಓದಿಕೊಂಡೆ. ಅದಕ್ಕಿಂತ ಒಳ್ಳೆ ಹಾರೈಕೆ ಯಾರೂ ಕಳಿಸಲಿಲ್ಲ. ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ. ಭಾನುವಾರ ಟೈಲರ್ ಇಲ್ಲದೆ ನಾನು ಕುರ್ಚಿ ಮೇಲೆ ಕೂರಲ್ಲ."

ಟೈಲರಣ್ಣನ ಅಂಗಡಿಗೆ ಹೋದೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾರ್ಡು ಇಟ್ಟೆ. ಅವನು ಕತ್ತಿನ ಟೇಪು ತೆಗೆಯುತ್ತ, "ಬಾ ಬಾ, ಬಾಯಿ ತೆಗಿ. ಎಷ್ಟು ಅಗಲ ಅಂತ ಅಳತೆ ತಗೊಳ್ತೀನಿ," ಎಂದ.

"ಅಣ್ಣಾ, ಆ ಕಾರ್ಡು..."

"ನನಗೆ ಹೇಳಬೇಡ. ನನಗೆ ಗೊತ್ತಿಲ್ವಾ ನಾನು ಬರೀಲಿಲ್ಲ ಅಂತ? ಅಚ್ಚಲ್ಲಿ ಬರಲಿ. ಊರಿಗೆಲ್ಲ ಬಾಯಲ್ಲಿ ಹಬ್ಬಿಸಿದೆಯಲ್ಲ, ಊರೆಲ್ಲ ಓದಲಿ. ಆಮೇಲೆ ಬರ್ತೀನಿ."

ಆದ್ದರಿಂದ, ಮೇಡಂ ಅವರ ಮುಂದಿನ ದಿನಗಳಿಗೆ ಯಾವ ಬ್ರೇಕೂ ಬೀಳದಿರಲಿ, ನಿಲ್ಲಿಸುವುದೂ ಬೇಡ, ಮುರಿಯುವುದೂ ಬೇಡ. ಬಿಡುವಾದ ಬೆಳಗುಗಳಲ್ಲಿ ಇನ್ನೂ ಬೀಗರು ಸಿಗದ ನುಡಿಗಟ್ಟುಗಳಿಗೆಲ್ಲ ಅವರು ನೆಂಟಸ್ತನ ಕುದುರಿಸುತ್ತ, ನೆಲದ ಮೇಲೆ ನಿಂತೇ ನೂರು ವರ್ಷ ನಗುತ್ತಿರಲಿ ಎಂದು ಹಾರೈಸಿ, ಅಚ್ಚಿನಲ್ಲಿ ಹೇಳುತ್ತೇನೆ. ಮೇಡಂ ಅವರನ್ನು ಆಸ್ಪತ್ರೆಗೆ ಹೊತ್ತೊಯ್ದವರು ಟೈಲರಣ್ಣ ಮತ್ತು ನರ್ಸ್. ನಾನು ಚಪ್ಪಲಿ ಹಿಡಿದುಕೊಂಡು ಹಿಂದೆ ಹೋದೆ. ಸಂದರ್ಶನದಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಎರಡನೆಯ ಸಲಕ್ಕೆ ಪಾಸಾದೆ. ಕಾರ್ಡ್ ಹೊಲಿದವನು ಟೈಲರಣ್ಣ, ಬರೆದವನು ನಾನು. ಟೈಲರಣ್ಣನ ಹೆಸರು ಹೇಳಿದ ಸುಳ್ಳೂ ನನ್ನದೇ. ಇಪ್ಪತ್ತೈದು ಸಾವಿರ ನುಡಿಗಟ್ಟುಗಳಲ್ಲಿ ನನಗೆ ಬರುವುದು ನಲವತ್ತೊಂದು. ಅದರಲ್ಲೂ ಒಂದರ ಸ್ಪೆಲ್ಲಿಂಗ್ ತಪ್ಪು.