ಅಂಗಳ ಸಾರಿಸಿದಾಕಿ

ಕುಷ್ಟಗಿಯ ನಮ್ಮ ಓಣಿಯ ಮನೆಗಳೆಲ್ಲ ಈಗ ಟೈಲ್ಸ್ ಹಾಕಿಸಿಕೊಂಡು ಶ್ರೀಮಂತವಾಗಿವೆ. ಎದುರು ಮನೆಯ ಅಜ್ಜಿ ಮಾತ್ರ ಹಟ ಬಿಟ್ಟಿಲ್ಲ. ಮೊನ್ನೆ ಬೆಳಿಗ್ಗೆ ಆಕೆ ಅಂಗಳ ಸಾರಿಸುವಾಗ ಹಸಿ ಸಗಣಿಯ ವಾಸನೆ ಬಂತು, ನನಗೆ ಶಿಬಿರದ ಮಾಸ್ತರು ನೆನಪಾದರು...

ಒಂಬತ್ತನೇ ಕ್ಲಾಸು ಮುಗಿದ ಬೇಸಿಗೆ ಅದು. ಗಂಗಾವತಿ ಕಡೆಯ ಒಂದು ಗುಡ್ಡದ ಬುಡದಲ್ಲಿ, ಹಿಂದಿನ ಕಾಲದ ಜನ ಬಾಳಿದ ಜಾಗವನ್ನು ಅಗೆದು ನೋಡಲು ಮಕ್ಕಳಿಗೆ ಕಲಿಸುವ ಹತ್ತು ದಿನದ ಶಿಬಿರ. ಅಪ್ಪ ಒಲ್ಲದ ಮನಸ್ಸಿನಿಂದ ಕಳಿಸಿದ್ದ. ಒಂದೇ ಒಂದು ದೂರು ಬಂದರೂ ಶಾಲೆ ಬಿಡಿಸುತ್ತೇನೆ ಅಂದಿದ್ದ. ಅಪ್ಪ ಅಂದದ್ದನ್ನು ಮಾಡುವವನೇ.

ಮಾಸ್ತರು ಒಣಕಲು ಮನುಷ್ಯ. ತಲೆಗೆ ಟವೆಲ್ಲು, ಕೈಯಲ್ಲಿ ಬಣ್ಣ ಹಚ್ಚುವ ಬ್ರಷ್ಷು. ಗಡಿಗೆಯ ಚೂರು ಸಿಕ್ಕರೂ ಹಸುಗೂಸಿನಂತೆ ಹಿಡಿಯುತ್ತಿದ್ದರು. ಐದನೆಯ ದಿನ ನಮ್ಮ ಗುಂಡಿಯಲ್ಲಿ ಗಟ್ಟಿ ನೆಲ ಕಾಣಿಸಿತು. "ಇದು ಅವರ ಮನಿ ಅಂಗಳ. ನಾಳೆ ಇಲಾಖೆ ಸಾಹೇಬ್ರು ನೋಡಾಕ ಬರ್ತಾರ, ಛಲೋತ್ನಂಗ ಸ್ವಚ್ಛ ಇಡ್ರಿ" ಅಂದರು.

ಅಂಗಳ ಸ್ವಚ್ಛ ಇಡುವುದು ಅಂದರೆ ನನಗೆ ಗೊತ್ತಿದ್ದದ್ದು ಒಂದೇ. ಮರುದಿನ ಎಲ್ಲರಿಗಿಂತ ಮೊದಲು ಎದ್ದು, ಬುಟ್ಟಿಯಲ್ಲಿ ಸಗಣಿ ತಂದು ಕಲಸಿ, ಗುಂಡಿಯ ತುಂಬ ಸಾರಿಸಿಬಿಟ್ಟೆ. ರಂಗೋಲಿ ಪುಡಿ ಸಿಗಲಿಲ್ಲ, ಪುಣ್ಯ.

ಮಾಸ್ತರು ಬಂದು ನೋಡಿ ಗುಂಡಿಯ ಅಂಚಿನಲ್ಲೇ ಕುಕ್ಕರಿಸಿದರು. ಹಳೆಯ ನೆಲದ ಗುರುತೆಲ್ಲ ಮುಚ್ಚಿಹೋಯಿತು ಅಂತ ಜೊತೆಯ ಹುಡುಗಿ ಪಿಸುಗುಟ್ಟಿದಾಗಲೇ ನಾನು ಮಾಡಿದ್ದೇನು ಅಂತ ನನಗೆ ತಿಳಿದದ್ದು. ನನ್ನ ಶಾಲೆ ಮುಗಿಯಿತು ಅಂದುಕೊಂಡೆ. ಕೈ ಇನ್ನೂ ಹಸಿರಾಗಿತ್ತು. ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಸಾಹೇಬರು ಜೀಪಿನಿಂದ ಇಳಿದವರೇ, ಇದನ್ನು ಮಾಡಿದವರನ್ನು ಇವತ್ತೇ ಮನೆಗೆ ಕಳಿಸಿ, ಶಾಲೆಗೂ ಪತ್ರ ಬರೆಯಿರಿ ಅಂದರು. ಮಾಸ್ತರು ನನ್ನ ಕಡೆ ನೋಡಲೂ ಇಲ್ಲ.

"ಅಂಗಳ ಅಂದಾಂವ ನಾನರಿ. ಅಂಗಳ ಅಂದಮ್ಯಾಲ ಸಾರಸ್ತಾರ. ತಪ್ಪು ನಂದು, ಹಂಗ ಬರಕೋರಿ."

ನಾನು ಬಾಯಿ ತೆರೆಯಲಿಲ್ಲ. ಅಪ್ಪನ ಭಯ...

ಆಮೇಲೆ ಎರಡು ದಿನ ನಾವಿಬ್ಬರೂ ಬಿಸಿಲಲ್ಲಿ ಕೂತು ಒಣಗಿದ ಸಗಣಿಯನ್ನು ಹಕ್ಕಳೆ ಹಕ್ಕಳೆಯಾಗಿ ಬಿಡಿಸಿದೆವು. ಕೆಳಗಿನ ನೆಲದ ಒಂದು ಮೂಲೆಯಲ್ಲಿ ಬೆರಳು ಎಳೆದ ಗೆರೆಗಳು ಕಂಡವು, ಕಮಾನು ಕಮಾನಾಗಿ. ಮಾಸ್ತರು ನನ್ನ ಅಂಗೈಯನ್ನು ಅವುಗಳ ಪಕ್ಕಕ್ಕೆ ಹಿಡಿದರು. "ಈ ಮನಿಯಾಕಿನೂ ಸಾರಿಸ್ಯಾಳ ನೋಡವ್ವಾ" ಅಂದರು. ಅವರ ಕಣ್ಣು ತುಂಬಿತ್ತು. ನನಗೆ ಅಳುವೇ ಬಂತು.

ದೂರು ಮನೆಗೆ ಬರಲಿಲ್ಲ. ಶಾಲೆ ತಪ್ಪಲಿಲ್ಲ. ಕಾಲೇಜು ಓದಿದೆ, ನೌಕರಿ ಸಿಕ್ಕಿತು. ಒಮ್ಮೆ ಹೋಗಿ ಮಾಸ್ತರನ್ನು ಕಾಣಬೇಕು ಅನ್ನುತ್ತಲೇ ವರ್ಷಗಳು ಹೋದವು. ಹೋದ ವರ್ಷ ಅವರು ತೀರಿಕೊಂಡರು, ಸುದ್ದಿ ನನಗೆ ಮುಟ್ಟಿದ್ದು ತಿಂಗಳ ಮೇಲೆ.

ಕೊಪ್ಪಳದ ಅವರ ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ನೀ ಯಾರವ್ವಾ ಅಂತ ಕೇಳಿದರು. ಹೆಸರು ಹೇಳಿದೆ, ಊರು ಹೇಳಿದೆ, ಗುರುತು ಹತ್ತಲಿಲ್ಲ. ಕೊನೆಗೆ, "ಅವತ್ತು ಅಂಗಳ ಸಾರಿಸಿದಾಕಿ ನಾನರಿ. ತಪ್ಪು ನಂದಿತ್ತು" ಅಂದೆ.

ಅಷ್ಟು ವರ್ಷಕ್ಕೆ ಮೊದಲ ಸಲ ಆಡಿದ ಮಾತು. ಕೇಳಬೇಕಾದವರು ಇರಲಿಲ್ಲ.