ಹದಿನೇಳನೆಯ ಪುಟದಾಚೆ

ನನ್ನ ಮೊದಲ ಕಾದಂಬರಿಯನ್ನು ನಾನೇ ಅಚ್ಚು ಹಾಕಿಸಿದೆ. ಯಾವ ಪ್ರಕಾಶಕರೂ ಮುಟ್ಟಲಿಲ್ಲ, ಅದಕ್ಕೆ. ಅರವತ್ತರ ದಶಕದ ಮಾತು. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾವಿದ್ದ ಬಾಡಿಗೆ ಮನೆಯ ಮಂಚದ ಕೆಳಗೆ ಪುಸ್ತಕದ ಕಟ್ಟುಗಳನ್ನು ತುರುಕಿದ್ದೆ. ಕಸ ಗುಡಿಸುವಾಗ ಹೆಂಡತಿಯ ಪೊರಕೆ ದಿನವೂ ಅವಕ್ಕೆ ತಗುಲುತ್ತಿತ್ತು. ಆ ಪೊರಕೆಯ ಸದ್ದೇ ನನಗೆ ಸಾಕಾಗುತ್ತಿತ್ತು.

ಎರಡನೆಯ ಕಾದಂಬರಿಯ ಹಸ್ತಪ್ರತಿ ಹಿಡಿದು ಬಳೇಪೇಟೆಯ ಒಬ್ಬ ಪ್ರಕಾಶಕರ ಬಳಿ ಹೋದೆ. ಅವರು ಹಾಳೆ ತಿರುವಲೂ ಇಲ್ಲ. "ನಿಮ್ಮ ಮೊದಲನೇದು ಲೈಬ್ರರಿಯಲ್ಲಿ ಹೇಗೆ ಓಡ್ತಾ ಇದೆ?" ಎಂದು ಕೇಳಿದರು. ಆಗಿನ ಬೆಂಗಳೂರಿನಲ್ಲಿ ಕಾದಂಬರಿಯ ಹಣೆಬರಹ ಬರೆಯುತ್ತಿದ್ದದ್ದು ಬಡಾವಣೆಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳು. ಕೊನೆಯ ರಟ್ಟಿನ ಒಳಗೆ ಒಂದು ಚೀಟಿ ಅಂಟಿಸಿರುತ್ತಿದ್ದರು. ಪುಸ್ತಕ ಹೊರಗೆ ಹೋದಾಗಲೆಲ್ಲ ಅದರ ಮೇಲೆ ತಾರೀಖಿನ ಮೊಹರು. ಈ ಪ್ರಕಾಶಕರು ಲೈಬ್ರರಿಗಳನ್ನು ಸುತ್ತಿ ಆ ಚೀಟಿಗಳನ್ನು ನೋಡುತ್ತಿದ್ದರು. "ಎರಡು ತಿಂಗಳಲ್ಲಿ ನಿಮ್ಮ ಕಡೆ ಬರ್ತೀನಿ. ಚೀಟಿ ತುಂಬಿದ್ರೆ ಮಾತಾಡೋಣ" ಎಂದರು.

ನಮ್ಮ ಲೈಬ್ರರಿ ಒಂದು ಮನೆಯ ಮುಂದಿನ ಕೋಣೆಯಲ್ಲಿತ್ತು. ನಡೆಸುತ್ತಿದ್ದವರು ನಿವೃತ್ತ ಪೋಸ್ಟ್ ಮಾಸ್ಟರು. ರಿಟೈರಾದ ಮೇಲೂ ಅವರಿಗೆ ಮೊಹರು ಒತ್ತುವ ಚಟ ಹೋಗಿರಲಿಲ್ಲ. ಒತ್ತುವ ಮುನ್ನ ತಾರೀಖನ್ನು ಕನ್ನಡಕ ಸರಿಮಾಡಿಕೊಂಡು ಓದುತ್ತಿದ್ದರು. ನನ್ನ ಪುಸ್ತಕದ ಒಂದು ಪ್ರತಿಯನ್ನು ನಾನೇ ಅವರಿಗೆ ಕೊಟ್ಟಿದ್ದೆ. ಕೊಟ್ಟು ಆಗಲೇ ತಿಂಗಳಾಗಿದ್ದರೂ ಅದರ ಚೀಟಿ ಬೆಳ್ಳಗೇ ಇತ್ತು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹೆಂಡತಿಯ ಹೆಸರಲ್ಲಿ, ಅವಳ ತವರಿನ ವಿಳಾಸ ಕೊಟ್ಟು, ಒಂದು ಕಾರ್ಡು ಮಾಡಿಸಿದೆ. ನನ್ನ ತಂಗಿಗೊಂದು, ಪಕ್ಕದ ಮನೆಯವರಿಗೊಂದು, ಆಫೀಸಿನ ಇಬ್ಬರು ಗೆಳೆಯರಿಗೆ ಒಂದೊಂದು. ಒಬ್ಬರು ತರುವುದು, ನಾಲ್ಕು ದಿನ ನಮ್ಮ ಮನೆಯ ಗೂಡಿನಲ್ಲಿಡುವುದು, ವಾಪಸ್ ಕೊಟ್ಟ ದಿನವೇ ಇನ್ನೊಬ್ಬರು ತರುವುದು. ಯಾರಿಗೂ ಓದು ಎಂದು ನಾನು ಹೇಳಲಿಲ್ಲ. ಅವರೂ ಓದಲಿಲ್ಲ. ಪುಸ್ತಕ ಬಂದಾಗಲೆಲ್ಲ ನಾನು ತೆರೆಯುತ್ತಿದ್ದದ್ದು ಹಿಂದಿನ ರಟ್ಟು ಮಾತ್ರ.

ಒಂದು ಶನಿವಾರ ಹೆಂಡತಿ ಲೈಬ್ರರಿಯಿಂದ ಬಂದವಳು ಕೈಚೀಲ ಕೆಳಗಿಡದೆ ನಿಂತಳು.

"ರೀ, ಈ ಕೆಲ್ಸ ಇನ್ನು ನನ್ ಕೈಲಾಗಲ್ಲ."

"ಏನಾಯ್ತು?"

"ಬಿಳೇಕಹಳ್ಳಿ ಸ್ಕೂಲಿನ ಟೀಚರಮ್ಮ ಒಬ್ರು ಬಂದಿದ್ರು. ಅಲ್ಲಿಂದ ನಡ್ಕೊಂಡೇ ಬರ್ತಾರಂತೆ. ನಿಮ್ ಪುಸ್ತಕಾನೇ ಕೇಳಿದ್ರು. ಈಗ ತಾನೆ ಹೋಯ್ತಲ್ಲಮ್ಮ ಅಂದ್ರು ಪೋಸ್ಟ್ ಮಾಸ್ಟರು. ನನ್ ಚೀಲದಲ್ಲೇ ಇತ್ತು, ಬೀನ್ಸ್ ಕೆಳಗೆ."

ಟೀಚರಮ್ಮ ಮೊದಲ ಸಲ ಬಂದ ದಿನ ಅಲ್ಲೇ ನಿಂತು ಹದಿನೇಳು ಪುಟ ಓದಿದ್ದರಂತೆ. ಅವತ್ತು ಸದಸ್ಯತ್ವದ ಅರ್ಜಿಗೆ ಹೆಡ್ ಮಾಸ್ಟರ ಸಹಿ ಆಗಿರಲಿಲ್ಲ. ಸಹಿ ಮಾಡಿಸಿಕೊಂಡು ಬರುವ ಹೊತ್ತಿಗೆ ಪುಸ್ತಕ ಹೊರಗೆ ಹೋಗಿತ್ತು. ಅಲ್ಲಿಂದ ಪ್ರತಿ ಶನಿವಾರವೂ ಹೊರಗೇ ಇತ್ತು. "ಕಥೇಲಿ ಆ ಹುಡುಗಿ ಟ್ರಂಕು ಇಟ್ಕೊಂಡು ಜಗುಲಿ ಮೇಲೆ ಕೂತಿದ್ದಾಳೆ, ಗಾಡಿ ಬಂತೋ ಇಲ್ವೋ ಅಂತ ವಾರವೆಲ್ಲ ಯೋಚನೆ ಆಗುತ್ತೆ" ಎಂದು ಪೋಸ್ಟ್ ಮಾಸ್ಟರಿಗೆ ಹೇಳುತ್ತಿದ್ದರಂತೆ.

"ಮಂಚದ ಕೆಳಗೆ ಅಷ್ಟೊಂದು ಬಿದ್ದಿವೆ. ಒಂದು ತಗೊಂಡ್ ಹೋಗಿ ಕೊಟ್ ಬರ್ಲಾ?" ಎಂದಳು ಹೆಂಡತಿ.

ನನ್ನ ಪುಸ್ತಕಕ್ಕಾಗಿ ಒಬ್ಬರು ಅಷ್ಟು ದೂರ ನಡೆದು ಬರುತ್ತಿದ್ದಾರೆ ಎಂದು ಕೇಳಿ ನನಗೆ ಆದದ್ದು ಮರುಕವಲ್ಲ, ಖುಷಿ. ಕಾಯುವವರಿದ್ದಾರೆ ಎಂದರೆ ಪ್ರಕಾಶಕರ ಕಿವಿಗೂ ಬೀಳುತ್ತದೆ ಎಂದು ಲೆಕ್ಕ ಹಾಕಿದೆ. "ಪುಕ್ಕಟೆ ಕೊಟ್ರೆ ಪುಸ್ತಕಕ್ಕೆ ಮರ್ಯಾದೆ ಇರಲ್ಲ" ಎಂದೆ. "ಇನ್ನೆರಡು ವಾರ. ಪ್ರಕಾಶಕರು ಬಂದು ಹೋಗ್ಲಿ, ಆಮೇಲೆ ಎಷ್ಟು ಬೇಕಾದ್ರೂ ಓದ್ಕೊಳ್ಲಿ."

ಹೆಂಡತಿ ಪುಸ್ತಕವನ್ನು ಗೂಡಿನಲ್ಲಿಟ್ಟು ಬೀನ್ಸ್ ಹೆಚ್ಚಲು ಕೂತಳು. ಮುಂದಿನ ಶನಿವಾರ ಲೈಬ್ರರಿಗೆ ಅವಳು ಹೋಗಲಿಲ್ಲ, ತಂಗಿಯನ್ನು ಕಳಿಸಿದೆ.

ಪ್ರಕಾಶಕರು ಪೋಸ್ಟ್ ಮಾಸ್ಟರಿಗೆ ಮೊದಲೇ ತಿಳಿಸಿ ಒಂದು ಗುರುವಾರ ಸಂಜೆ ಬಂದರು. ಆವತ್ತು ಪುಸ್ತಕ ಕಪಾಟಿನಲ್ಲಿರುವಂತೆ ನೋಡಿಕೊಂಡಿದ್ದೆ. ನಾನೂ ಇಸ್ತ್ರಿ ಮಾಡಿದ ಕೋಟು ತೊಟ್ಟು, ಏನೋ ಆಕಸ್ಮಿಕವಾಗಿ ಬಂದವನಂತೆ ಅಲ್ಲಿದ್ದೆ. ಪೋಸ್ಟ್ ಮಾಸ್ಟರು ನನಗಿಂತ ಹೆಮ್ಮೆಯಿಂದ ಹೇಳಿದರು: "ಇವರ ಪುಸ್ತಕ ನನ್ ಕಪಾಟಲ್ಲಿ ನಿಲ್ಲೋದೇ ಇಲ್ಲ ಸಾರ್. ಬಿಳೇಕಹಳ್ಳಿ ಟೀಚರಮ್ಮ ಒಬ್ರು ಆರು ಶನಿವಾರದಿಂದ ಬಂದ್ ಬಂದು ಹೋಗ್ತಿದಾರೆ."

ಪ್ರಕಾಶಕರು ಹಿಂದಿನ ರಟ್ಟು ತೆಗೆದು ಮೊಹರುಗಳ ಮೇಲೆ ಬೆರಳಾಡಿಸಿದರು. ತಲೆದೂಗಿದರು. ನನ್ನ ಎದೆ ಉಬ್ಬಿತು. ಆಮೇಲೆ ಅಭ್ಯಾಸಬಲದಿಂದ ಹೆಬ್ಬೆರಳಲ್ಲಿ ಹಾಳೆಗಳನ್ನು ಸರಸರ ಬಿಟ್ಟರು. ಹೆಬ್ಬೆರಳು ಒಂದು ಕಡೆ ಸಿಕ್ಕಿಕೊಂಡಿತು.

ಆ ಕಾಲದಲ್ಲಿ ದೊಡ್ಡ ಹಾಳೆಯಲ್ಲಿ ಹದಿನಾರು ಪುಟ ಒಟ್ಟಿಗೆ ಅಚ್ಚಾಗಿ, ಮಡಿಸಿ ಹೊಲಿದು, ಅಂಚು ಕತ್ತರಿಸುತ್ತಿದ್ದರು. ಕಡಿಮೆ ಖರ್ಚಿನ ಬೈಂಡರು ಒಮ್ಮೊಮ್ಮೆ ಕತ್ತರಿಸುವಾಗ ಒಂದು ಮಡಿಕೆ ತಪ್ಪಿಹೋಗುತ್ತಿತ್ತು. ಕೊಂಡವರು ಚಾಕುವಿನಲ್ಲಿ ಬಿಡಿಸಿಕೊಂಡು ಓದಬೇಕು. ನನ್ನ ಪುಸ್ತಕದ ಆ ಪ್ರತಿಯಲ್ಲಿ ಹದಿನೇಳನೆಯ ಪುಟದಾಚೆಯ ಹಾಳೆಗಳು ಮೇಲ್ಗಡೆ ಕೂಡಿಕೊಂಡೇ ಇದ್ದವು. ಟೀಚರಮ್ಮ ಅಲ್ಲಿಗೇ ಯಾಕೆ ನಿಲ್ಲಿಸಿದರು ಎಂಬುದು ನನಗೆ ಹೊಳೆದದ್ದು ಆ ಗಳಿಗೆಯಲ್ಲಿ.

ಪ್ರಕಾಶಕರು ಒಮ್ಮೆ ಚೀಟಿ ನೋಡಿದರು, ಒಮ್ಮೆ ಬಿಡಿಸದ ಹಾಳೆ ನೋಡಿದರು. ಮೆಲ್ಲಗೆ ಹೇಳಿದರು: "ಹದಿನಾಲ್ಕು ಜನ ತಗೊಂಡ್ ಹೋಗಿದಾರೆ. ನೀವಾದ್ರೂ ಒಂದ್ಸಲ ಬಿಡಿಸಿ ನೋಡಬಹುದಿತ್ತಲ್ಲ ಸ್ವಾಮಿ." ಪುಸ್ತಕವನ್ನು ಮೇಜಿನ ಮೇಲಿಟ್ಟು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.

ನನ್ನ ಮುಖ ಕಿವಿಯವರೆಗೂ ಬಿಸಿಯಾಯಿತು. ಬೈಂಡರನ್ನು ಬೈಯೋಣವೆಂದು ತಿರುಗಿದೆ. ಪೋಸ್ಟ್ ಮಾಸ್ಟರು ಕಾರ್ಡುಗಳ ಡಬ್ಬಿ ತೆಗೆದು ಒಂದೊಂದಾಗಿ ನೋಡುತ್ತಿದ್ದರು. ನನ್ನ ತಂಗಿಯ ವಿಳಾಸ ನಮ್ಮ ಮನೆಯದೇ. ಅಲ್ಲಿ ಅವರ ಕೈ ನಿಂತಿತು.

ಅವರು ರೇಗಲಿಲ್ಲ. ರೇಗಿದ್ದರೆ ನನಗೆ ಹಗುರವಾಗುತ್ತಿತ್ತು. "ಆ ಹೆಣ್ಣುಮಗಳಿಗೆ ಆರು ವಾರ ನನ್ ಬಾಯಲ್ಲಿ ಸುಳ್ಳು ಹೇಳಿಸಿದ್ರಿ" ಎಂದರು. ಮೇಜಿನ ಡ್ರಾಯರಿನಿಂದ ಕಾಗದ ಕತ್ತರಿಸುವ ಚಾಕು ತೆಗೆದು ನನ್ನ ಮುಂದಿಟ್ಟರು. "ನಾಡಿದ್ದು ಶನಿವಾರ. ಬಿಡಿಸಿಟ್ಟು ಹೋಗಿ."

ಕೋಟಿನ ತೋಳು ಮಡಿಸಿ ಅಲ್ಲೇ ಕೂತು ಬಿಡಿಸಿದೆ. ಪುಸ್ತಕ ಬದಲಿಸಲು ಬಂದವರು ಇಣುಕಿ ನೋಡಿ ಹೋಗುತ್ತಿದ್ದರು. ಚಾಕು ಜಾರಿ ಒಂದು ಹಾಳೆ ಸ್ವಲ್ಪ ಹರಿಯಿತು. ಹುಡುಗಿ ಜಗುಲಿಯಿಂದ ಎದ್ದು ಗಾಡಿ ಹತ್ತುವ ಪುಟ ಅದು.

ಶನಿವಾರ ಮತ್ತೆ ಹೋಗಿ ಬೆಂಚಿನ ಮೇಲೆ ಪತ್ರಿಕೆ ಹಿಡಿದು ಕೂತೆ. ಚೀಲದಲ್ಲಿ ಮಂಚದ ಕೆಳಗಿನ ಒಂದು ಪ್ರತಿ ಇತ್ತು. ಕ್ಷಮಿಸಿ ಎಂದು ಹೇಳಿ ಕೊಡಬೇಕೆಂದಿದ್ದೆ. ಹತ್ತಿಯ ಸೀರೆಯ, ಚಪ್ಪಲಿಗೆ ಕೆಮ್ಮಣ್ಣು ಮೆತ್ತಿದ ಒಬ್ಬ ನಡುವಯಸ್ಸಿನ ಹೆಂಗಸು ಬಂದರು. ಕೇಳುವ ಮೊದಲೇ ಪೋಸ್ಟ್ ಮಾಸ್ಟರು "ಇವತ್ತು ಇದೆ ಕಣಮ್ಮ" ಎಂದರು.

ಟೀಚರಮ್ಮ ನಿಂತಲ್ಲೇ ಪುಟ ಹುಡುಕಿ ನಾಲ್ಕು ಸಾಲು ಓದಿಕೊಂಡರು. ಆಮೇಲೆ ಮೊಹರಿಗೆಂದು ಹಿಂದಿನ ರಟ್ಟು ತೆರೆದು ಕೊಟ್ಟರು. "ಅಬ್ಬ, ಇಷ್ಟು ಜನ ಓದಿದಾರಾ" ಎಂದರು. "ಅದಕ್ಕೇ ನನಗೆ ಸಿಗ್ತಿರ್ಲಿಲ್ಲ. ಬರೆದವ್ರಿಗೆ ಎಷ್ಟು ಸಂತೋಷ ಆಗಿರ್ಬೇಕು, ಅಲ್ವಾ ಸಾರ್?"

ಪೋಸ್ಟ್ ಮಾಸ್ಟರು ನನ್ನ ಕಡೆ ನೋಡಿದರು. ನಾನು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದೆ. ಮೊಹರಿನ ಸದ್ದು ಕೇಳಿಸಿತು. ಪತ್ರಿಕೆ ಇಳಿಸಿದಾಗ ಟೀಚರಮ್ಮ ರಸ್ತೆಯಲ್ಲಿ ನಡೆಯುತ್ತಲೇ ಓದುತ್ತಾ ಹೋಗುತ್ತಿದ್ದರು.

ಮನೆಗೆ ಬಂದಾಗ ಹೆಂಡತಿ ಅಕ್ಕಿ ಆರಿಸುತ್ತಿದ್ದಳು.

"ಟೀಚರಮ್ಮ ಬಂದಿದ್ರಾ?"

"ಬಂದಿದ್ರು. ತಗೊಂಡ್ ಹೋದ್ರು."

"ಬರೆದದ್ದು ನೀವೇ ಅಂತ ಹೇಳಿದ್ರಾ?"

"ಇಲ್ಲ" ಎಂದೆ.

ಅವಳು ಮೊರದಿಂದ ತಲೆಯೆತ್ತಲಿಲ್ಲ. "ಒಳ್ಳೇದಾಯ್ತು ಬಿಡಿ" ಎಂದಳು. "ಅವರಾದ್ರೂ ನೆಮ್ಮದಿಯಾಗಿ ಓದ್ಕೊಳ್ಲಿ."