ನಮ್ಮ ಬಚ್ಚಲ ಪಕ್ಕದ ಜಲಪಾತ

ಸ್ನೇಹಿತರೇ, ಸಿರಿಮನೆ ಜಲಪಾತಕ್ಕೆ ಹೊರಟವರೆಲ್ಲ ಇವತ್ತು ಬಂದಿಳಿದದ್ದು ಕಿಗ್ಗದ ನಮ್ಮ ಮನೆಯಂಗಳಕ್ಕೆ. ದೀಪಾವಳಿ ರಾತ್ರಿ ಸೌತೆಕಾಯಿ, ಎಳನೀರು ಕದ್ದರೆ ನಮ್ಮ ಕಡೆ ಯಾರೂ ಬೈಯುವುದಿಲ್ಲ, ಅದು ಪದ್ಧತಿ. ಈ ಸಲ ಊರಿನ ಹುಡುಗರು ತಿರುವಿನಲ್ಲಿದ್ದ ಜಲಪಾತದ ಬೋರ್ಡನ್ನೇ ಕಿತ್ತು ತಂದು ನಮ್ಮ ಗೇಟಿಗೆ ಕಟ್ಟಿಹೋಗಿದ್ದಾರೆ.

ಬೆಳಿಗ್ಗೆ ನಾನು ದನಗಳಿಗೆ ಪೂಜೆ ಮಾಡುತ್ತಿದ್ದೆ. ಒಂದು ಸುಮೋ ತುಂಬ ಜನ ಟವೆಲ್ ಹೆಗಲಿಗೆ ಹಾಕಿಕೊಂಡು ಸೀದಾ ಒಳಗೆ ಬಂದರು. ಬಚ್ಚಲ ಪಕ್ಕ ಪೈಪಿನಿಂದ ಬೀಳುವ ಗುಡ್ಡದ ನೀರನ್ನು ನೋಡಿ ಒಬ್ಬರು, "ಇಷ್ಟೇನಾ? ಇದನ್ನ ನೋಡೋಕೆ ಅಷ್ಟು ದೂರದಿಂದ ಬಂದ್ವಾ?" ಎಂದು ನನ್ನನ್ನೇ ಗದರಿದರು. ಬೇಸಿಗೆಯಲ್ಲೂ ನಿಲ್ಲದ ನೀರು ಸ್ವಾಮಿ ಅದು. ಆಮೇಲೆ ಬಂದವರು ಬಟ್ಟೆ ಬದಲಿಸುವ ಕೋಣೆ ಎಲ್ಲಿ ಎಂದು ಕೇಳಿದರು. ಹಬ್ಬದ ದಿನ ಬಂದವರೆಂದು ಅಮ್ಮ ಅವರಿಗೆಲ್ಲ ಕಡುಬು ಬೇರೆ ಬಡಿಸಿದಳು.

ಸಿಟ್ಟು ನೆತ್ತಿಗೇರಿತು. ಬೋರ್ಡನ್ನು ಬಿಚ್ಚಿ ಹೊತ್ತುಕೊಂಡು ತಿರುವಿನ ಕಡೆ ಹೊರಟೆ. ದಾರಿಯಲ್ಲಿ ಅಂಗಡಿ ಭಟ್ಟರು ತಡೆದು ನಿಲ್ಲಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅವರ ತೀರ್ಪು ಬಂತು: "ರಾತ್ರಿ ಕದ್ರೆ ಹಬ್ಬ ಮಾರಾಯ, ಹಗಲು ಕದ್ರೆ ಕಳ್ಳತನ. ಈ ವಯಸ್ಸಲ್ಲಿ ನಿಂಗೆ ಎಂತಕ್ಕೆ ಬೇಕಿತ್ತು ಇದೆಲ್ಲ?"

ಕಿತ್ತವರು ಹಬ್ಬ ಆಚರಿಸಿದರಂತೆ. ವಾಪಸ್ ಇಡಲು ಹೋದ ನಾನು ಈಗ ಊರಿಗೆಲ್ಲ ಬೋರ್ಡ್ ಕಳ್ಳ.